ಬಾಗಿಲು ದಾಟಿದ ಮಾತು

ಗುರುವಾರ ಬೆಳಿಗ್ಗೆ ಮೀನು ಕೊಳ್ಳಲು ಬಂದರಿನ ಧಕ್ಕೆಗೆ ಬಂದ ಹೆಂಗಸರು ಐಸ್ ಶೆಡ್ಡಿನ ಹೊಸ್ತಿಲಲ್ಲಿ ನಿಂತುಬಿಟ್ಟರು. ಒಳಗಿಂದ ಹರಿದು ಬರುತ್ತಿದ್ದ ನೀರು ಕೆಂಪಗಿತ್ತು.

ಬಾಗಿಲು ಅರ್ಧ ತೆರೆದಿತ್ತು. ಐಸಿನ ದಿಮ್ಮಿಗಳನ್ನು ಮುಚ್ಚಿಡುವ ಉಮಿಯ ರಾಶಿಯ ಮೇಲೆ ಶೆಡ್ಡಿನ ಯಜಮಾನ ರೋಡೆಲ್ ಬೋರಲು ಬಿದ್ದಿದ್ದ. ಬೆನ್ನಲ್ಲಿ ಐಸ್ ಒಡೆಯುವ ದಬ್ಬಳ. ಹಿಡಿಗೆ ಸುತ್ತಿದ್ದ ಹಸಿರು ನೈಲಾನ್ ಹಗ್ಗವನ್ನು ಧಕ್ಕೆಯಲ್ಲಿ ಗುರುತು ಹಿಡಿಯದವರಿಲ್ಲ. ಅದು ಎಲ್ಮೆರ್‌ನದು. ಶೆಡ್ಡಿನಲ್ಲಿ ಕೆಲಸಕ್ಕಿದ್ದ ಹುಡುಗ, ಇಪ್ಪತ್ತನಾಲ್ಕರ ಪ್ರಾಯ.

ರೋಡೆಲ್‌ನ ಅಕ್ಕ ಸಾಲ್ವಾ ಓಡಿ ಬಂದಳು. ತಮ್ಮನನ್ನು ಮುಟ್ಟಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿದಳು.

"ನಾನು ಹೇಳಿದ್ದೆ. ಎಲ್ಮೆರ್ ದಬ್ಬಳ ತಗೊಂಡು ಬರ್ತಾನೆ ಅಂತ ಹೇಳಿದ್ದೆ. ಡಾಕ್ಟರಮ್ಮ ಬಂದು ಎಚ್ಚರಿಸಿ ಹೋಗಿದ್ರು."

ಇನ್ನೇನು ಬೇಕು? ಮಧ್ಯಾಹ್ನದೊಳಗೆ ಎಲ್ಮೆರ್ ಠಾಣೆಯಲ್ಲಿದ್ದ. ಅವನು ಸಿಕ್ಕಿದ್ದು ಕಡಲ ತಡೆಗೋಡೆಯ ಮೇಲೆ. ಒಬ್ಬನೇ ಕುಳಿತಿದ್ದನಂತೆ. ಬೆಳಗಿನಿಂದ ಅಲ್ಲೇ ಇದ್ದೆ ಎಂದನಂತೆ. ನೋಡಿದವರು ಯಾರೂ ಇರಲಿಲ್ಲ.

ಡಾಕ್ಟರಮ್ಮ ಎಂದರೆ ನಮ್ಮ ಡಾಕ್ಟರ್ ಪಾಸಿತಾ. ಇಲೊಯ್ಲೊ ನದಿಯ ಪಕ್ಕ, ಒಂದು ಬೇಕರಿಯ ಮೇಲಿನ ಎರಡು ಕೋಣೆಗಳಲ್ಲಿ ಅವರ ಮನೋಚಿಕಿತ್ಸಾ ಕ್ಲಿನಿಕ್ಕು. ನಾನು ಅಲ್ಲಿ ಕೆಲಸ ಕಲಿಯುತ್ತಿದ್ದವಳು. ಹೊರಗಿನ ಕೋಣೆಯಲ್ಲಿ ಕುಳಿತು, ಬಂದವರಿಗೆ ನೀರು ಕೊಟ್ಟು, ಒಳಗಿನ ಬಾಗಿಲು ಮುಚ್ಚುವುದು ನನ್ನ ಕೆಲಸ. ಒಳಗೆ ಆಡಿದ ಮಾತು ಆ ಬಾಗಿಲು ದಾಟುವುದಿಲ್ಲ. ಮಂಗಳವಾರ ಮಾತ್ರ ದಾಟಿತ್ತು.

ಆ ದಿನ ಎಲ್ಮೆರ್ ಬಂದು ಹೋದ ಮೇಲೆ ಡಾಕ್ಟರ್ ಬಹಳ ಹೊತ್ತು ಕಿಟಕಿಯ ಬಳಿ ನಿಂತಿದ್ದರು. ನಂತರ ಚಪ್ಪಲಿ ಮೆಟ್ಟಿ, "ಜೋವಿ, ನಾನೊಂದು ಮನೆಗೆ ಹೋಗಿ ಬರಬೇಕು" ಎಂದು ಒಬ್ಬರೇ ಹೊರಟರು. ಯಾರ ಮನೆ ಎಂದು ನಾನು ಕೇಳಲಿಲ್ಲ. ಕೇಳುವುದು ನನ್ನ ಸ್ವಭಾವವೂ ಅಲ್ಲ.

ಗುರುವಾರ ಮಧ್ಯಾಹ್ನ ಪೊಲೀಸ್ ಕ್ಯಾಪ್ಟನ್ ಗುಂಬಾನ್ ಮೆಟ್ಟಿಲು ಹತ್ತಿ ಬಂದರು. ಐವತ್ತು ದಾಟಿದ ಹೆಂಗಸು. ಕೈಯಲ್ಲಿ ಬೇಯಿಸಿದ ಶೇಂಗಾದ ಪೊಟ್ಟಣ. ಕುಳಿತವರೇ ಒಂದೊಂದನ್ನೇ ಸುಲಿಯತೊಡಗಿದರು.

"ಮಂಗಳವಾರ ಸಂಜೆ ಸಾಲ್ವಾ ಮನೆಗೆ ಹೋಗಿದ್ರಿ. ಹೌದಾ?"

"ಹೌದು."

"ರೋಡೆಲ್ ಮನೇಲಿದ್ನಾ?"

"ಇರಲಿಲ್ಲ. ಶೆಡ್ಡಿನಲ್ಲಿದ್ದ. ಸಾಲ್ವಾ ಜಗುಲಿ ಮೇಲಿದ್ರು. ಅವನನ್ನ ಸಾಕಿದವಳು ನಾನು, ನನಗೆ ಹೇಳಿ, ನಾನು ಅವನಿಗೆ ಹೇಳ್ತೀನಿ ಅಂದ್ರು."

"ನೀವು ಹೇಳಿದ್ರಿ."

"ಹೇಳಿದೆ. ಅಂಥ ಮಾತನ್ನ ನಮ್ಮಲ್ಲಿ ಯಾರು ನೇರ ಗಂಡಸಿನ ಮುಖಕ್ಕೆ ಹೇಳ್ತಾರೆ ಕ್ಯಾಪ್ಟನ್? ಹಿರಿಯಕ್ಕನಿಗೆ ಹೇಳೋದೇ ಸರಿ ಅನ್ನಿಸ್ತು."

"ಏನಂತ ಹೇಳಿದ್ರಿ? ಅದೇ ಮಾತು ಬೇಕು ನನಗೆ."

ಡಾಕ್ಟರ್ ಕಣ್ಣು ಮುಚ್ಚಿ ನೆನಪಿಸಿಕೊಂಡರು. "ಎಲ್ಮೆರ್‌ನಿಂದ ನಿಮ್ಮ ತಮ್ಮನ ಜೀವಕ್ಕೆ ಅಪಾಯ ಇದೆ. ಕೆಲವು ದಿನ ಅವರಿಬ್ಬರೇ ಎಲ್ಲೂ ಇರೋದು ಬೇಡ. ಬೇಕಾದ್ರೆ ಪೊಲೀಸರಿಗೂ ನಾನೇ ಬಂದು ಹೇಳ್ತೀನಿ. — ಅಷ್ಟೇ."

"ಹೇಗೆ ಕೊಲ್ತಾನೆ ಅಂತ?"

"ಅವರು ಕೇಳಿದ್ರು. ನಾನು ಹೇಳಲಿಲ್ಲ. ಅಗತ್ಯ ಇರಲಿಲ್ಲ."

"ಸಾಲ್ವಾ ಹೇಳಿಕೇಲಿ ದಬ್ಬಳ ಅಂತ ಇದೆ."

"ಎಲ್ಮೆರ್ ಕೈಯಲ್ಲಿ ಸದಾ ಇರೋದೇ ಅದು. ಊಹಿಸಿರಬಹುದು."

"ಹುಂ." ಕ್ಯಾಪ್ಟನ್ ಸಿಪ್ಪೆಗಳನ್ನು ಅಂಗೈಯಲ್ಲಿ ಒಟ್ಟುಗೂಡಿಸಿದರು. "ಎಲ್ಮೆರ್ ನಿಮ್ಮ ಹತ್ರ ದಬ್ಬಳ ಅಂದಿದ್ನಾ?"

ಡಾಕ್ಟರ್ ಒಳಕೋಣೆಯ ಬಾಗಿಲತ್ತ ನೋಡಿದರು.

"ಡಾಕ್ಟ್ರೇ, ಮನುಷ್ಯ ಸತ್ತಿದಾನೆ."

"ಗೊತ್ತು. ಒಂದು ಜೀವ ಉಳಿಸೋಕೆ ಎಷ್ಟು ಬೇಕೋ ಅಷ್ಟೇ ಆ ಬಾಗಿಲು ತೆಗೆದೆ. ತೆಗೀತೀನಿ ಅಂತ ಎಲ್ಮೆರ್‌ಗೂ ಮುಖಕ್ಕೇ ಹೇಳಿ ತೆಗೆದೆ. ಈಗ ಉಳಿಸೋಕೆ ಜೀವ ಇಲ್ಲ. ಇನ್ನು ಅದನ್ನ ಅವನೇ ತೆಗೀಬೇಕು."

"ನಾಳೆ ಸಂಜೆ ಸರ್ಕಾರಿ ವಕೀಲರ ಮುಂದೆ ಅವನನ್ನ ನಿಲ್ಲಿಸ್ತಾರೆ. ಕೊಲೆ ಆರೋಪ. ಜೀವನ ಪೂರ್ತಿ ಒಳಗೆ. ನಿಮ್ಮ ಮಾತೇ ಅವನ ವಿರುದ್ಧದ ಮೊದಲ ಸಾಕ್ಷಿ. ಉಳಿದ ಮಾತು ಅವನ ಪರವಾಗಿದ್ರೆ?"

"ಅವನನ್ನ ಕೇಳಿ ಬನ್ನಿ. ನನ್ನ ಮುಖ ನೋಡೋಕೆ ಅವನು ಒಪ್ಪಲ್ಲ. ಜೋವಿ ಬರ್ತಾಳೆ."

ನಾನು ನೀರಿನ ಲೋಟ ಹಿಡಿದು ನಿಂತಿದ್ದೆ. ಕ್ಯಾಪ್ಟನ್ ನನ್ನತ್ತ ತಿರುಗಿ ನೋಡಿದರು.

"ಇಷ್ಟು ಹೊತ್ತೂ ಇಲ್ಲೇ ಇದ್ಯಾ ಇಂದಾಯ್? ನಾನು ಕುರ್ಚಿ ಅಂದ್ಕೊಂಡಿದ್ದೆ. ಒಳ್ಳೇದೇ. ಇಂಥವರ ಮುಂದೆ ಜನ ಮಾತಾಡ್ತಾರೆ."

ನಮ್ಮಲ್ಲಿ ಚಿಕ್ಕ ಹುಡುಗಿಯರನ್ನೆಲ್ಲ ಇಂದಾಯ್ ಎಂದೇ ಕರೆಯುವುದು. ಆದರೂ ನನ್ನ ಕಿವಿ ಬಿಸಿಯಾಯಿತು.

ಠಾಣೆಯ ಲಾಕಪ್ಪಿನಲ್ಲಿ ಎಲ್ಮೆರ್ ಕಂಬಿಗೆ ಬೆನ್ನು ಮಾಡಿ ಕುಳಿತಿದ್ದ. ತಿರುಗಲಿಲ್ಲ.

"ಡಾಕ್ಟರಮ್ಮ ಕಳಿಸಿದ್ರಾ? ಮತ್ತೇನಂತೆ? ಮಿಕ್ಕಿದ ಮಾತನ್ನೂ ಧಕ್ಕೆಯಲ್ಲಿ ಹರಾಜಿಗೆ ಇಡಬೇಕಂತಾ?"

ಕ್ಯಾಪ್ಟನ್ ನನ್ನತ್ತ ನೋಡಿದರು. ನಾನೇ ಮಾತಾಡಬೇಕೆಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

"ಮಿಕ್ಕಿದ್ದನ್ನ ಅವರು ಹೇಳ್ತಿಲ್ಲ," ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದೆ. "ಕ್ಯಾಪ್ಟನ್ ಎಷ್ಟು ಕೇಳಿದ್ರೂ ಹೇಳಲಿಲ್ಲ. ನೀವು ಬೇಡ ಅಂದ್ರೆ ಕೋರ್ಟಿನಲ್ಲೂ ಹೇಳಲ್ಲ."

"ನನಗೆ ಜೈಲಾದ್ರೂ?"

"ಆದ್ರೂ."

ಅವನು ಈಗ ತಿರುಗಿದ. ಕಣ್ಣು ಕೆಂಪಾಗಿದ್ದವು.

"ಹುಚ್ಚು ಹೆಂಗಸು," ಎಂದ. ಬೈಗುಳದಲ್ಲಿ ಮೊದಲಿನ ಖಾರ ಇರಲಿಲ್ಲ. "ಹೇಳಬೇಡಿ ಅಂದಾಗ ಹೇಳಿದ್ಲು. ಈಗ ಹೇಳಿದ್ರೆ ಉಪಕಾರ ಆಗತ್ತೆ ಅಂದ್ರೆ ಬಾಯಿ ಮುಚ್ಕೊಂಡು ಕೂತಿದಾಳೆ."

"ನೀನೇ ಹೇಳು ತೊತೊ," ಎಂದರು ಕ್ಯಾಪ್ಟನ್. ಮನೆಯ ಹುಡುಗನನ್ನು ಕರೆಯುವ ಹಾಗೆ ಕರೆದರು. "ಮಂಗಳವಾರ ಏನಂದೆ?"

"ಕೊಲ್ತೀನಿ ಅಂದೆ. ಸುಳ್ಳು ಯಾಕೆ ಹೇಳ್ಲಿ? ಕಳೆದ ವರ್ಷ ಗಾಳಿ ಬರತ್ತೆ ಅಂತ ಬಾವುಟ ಏರಿಸಿದ ಮೇಲೂ ಬೋಟು ಬಿಡಿಸಿದ್ರು. ನನ್ನ ತಮ್ಮ ಜೋಮರ್ ಅದರಲ್ಲಿದ್ದ. ವಾಪಸ್ ಬರಲಿಲ್ಲ. ಬೋಟು ಬಿಡು ಅಂದಿದ್ದು ರೋಡೆಲ್. ಎಲ್ಲರಿಗೂ ಗೊತ್ತು. ಅವನೂ ಇಲ್ಲ ಅನ್ನಲಿಲ್ಲ."

"ಹೇಗೆ ಕೊಲ್ತೀನಿ ಅಂದೆ?"

"ನಡು ನೀರಿನಲ್ಲಿ ಬೋಟಿನ ತಳದ ಬಿರಡೆ ಕಿತ್ತು. ರೋಡೆಲ್‌ಗೆ ಈಜು ಬರಲ್ಲ. ನನ್ನ ತಮ್ಮ ಕುಡಿದ ನೀರನ್ನೇ ಅವನೂ ಕುಡೀಲಿ ಅಂತ. ಬೇರೆ ಯಾವ ಸಾವೂ ನನಗೆ ಬೇಕಿರಲಿಲ್ಲ. ದಬ್ಬಳ ನನ್ನ ತಲೇಲೇ ಇರಲಿಲ್ಲ."

"ಮನಸ್ಸು ಬದಲಾಯಿಸಿರಬಹುದು."

"ಬದಲಾಯಿಸಿರಬಹುದು," ಎಂದು ಅವನೇ ಒಪ್ಪಿದ. "ಬದಲಾಯಿಸಲಿಲ್ಲ. ಶೆಡ್ಡಿಗೂ ಹೋಗಲ್ಲ, ಬೋಟೂ ಹತ್ತಲ್ಲ ಅಂತ ಡಾಕ್ಟರಮ್ಮನಿಗೆ ಮಾತು ಕೊಟ್ಟಿದ್ದೆ. ಹೊರಗೆ ಹೇಳ್ತೀನಿ ಅಂದಾಗ ಸಿಟ್ಟು ಬಂತು, ಎದ್ದು ಬಂದೆ. ಆದ್ರೆ ಮಾತು ಮುರೀಲಿಲ್ಲ. ಬುಧವಾರ ಕೆಲಸಕ್ಕೇ ಹೋಗಲಿಲ್ಲ. ದಬ್ಬಳ ಶೆಡ್ಡಿನ ಮೊಳೇಲೇ ನೇತಾಡ್ತಿತ್ತು."

ಹೊರಗೆ ಬಂದ ಮೇಲೆ ಕ್ಯಾಪ್ಟನ್ ಜೀಪಿಗೆ ಒರಗಿ ನಿಂತರು.

"ನಂಬಿದ್ಯಾ?"

ತಲೆಯಾಡಿಸಿದೆ.

"ನಾನೂ ನಂಬಿದೆ. ಏನು ಪ್ರಯೋಜನ? ನೀರಲ್ಲಿ ಕೊಲ್ತೀನಿ ಅಂದವನು ನೆಲದ ಮೇಲೂ ಕೊಲ್ಲಬಹುದು ಅಂತಾರೆ ವಕೀಲರು. ಮೇಲಾಗಿ ಆ ದಬ್ಬಳ ಹೊಸದಾಗಿ ಮಸೆದಿದೆ. ಕೊಲ್ಲೋಕೇ ಮಸೆದ ಅಂತ ನಮ್ಮ ಹುಡುಗರು ಆಗಲೇ ಬರೆದಿಟ್ಟಿದಾರೆ."

ಶುಕ್ರವಾರ ಬೆಳಿಗ್ಗೆ ಕ್ಯಾಪ್ಟನ್ ನನ್ನನ್ನೂ ಕರೆದುಕೊಂಡು ರೋಡೆಲ್‌ನ ಮನೆಗೆ ಹೋದರು. ಯಾಕೆ ಎಂದು ಕೇಳಿದರೆ, "ನೀನು ನೋಡು. ಮಾತಾಡೋದು ನನ್ನ ಕೆಲಸ" ಎಂದರು.

ಮುಂದಿನ ಕೋಣೆಯಲ್ಲಿ ಶವಪೆಟ್ಟಿಗೆ. ಗಾಜಿನ ಮುಚ್ಚಳದ ಮೇಲೆ ಒಂದು ಕೋಳಿಮರಿ ಅಕ್ಕಿಕಾಳು ಹೆಕ್ಕುತ್ತಿತ್ತು. ಕೊಲೆಯಾದವರ ಪೆಟ್ಟಿಗೆಯ ಮೇಲೆ ಮರಿ ಬಿಡುವುದು ನಮ್ಮಲ್ಲಿ ವಾಡಿಕೆ. ಅದು ಕುಕ್ಕಿದಷ್ಟೂ ಕೊಂದವನ ಎದೆ ಕುಕ್ಕುತ್ತದೆ ಎನ್ನುತ್ತಾರೆ. ಟಕ್, ಟಕ್ ಎಂಬ ಸದ್ದು ಪ್ರಾರ್ಥನೆಯ ನಡುವೆಯೂ ಕೇಳುತ್ತಿತ್ತು. ಅಂಗಳದಲ್ಲಿ ಗಂಡಸರು ಇಸ್ಪೀಟು ಆಡುತ್ತ ಜಾಗರಣೆಯ ಆಯಾಸ ಕಳೆಯುತ್ತಿದ್ದರು. ಬಂದವರಿಗೆಲ್ಲ ಬಿಸ್ಕತ್ತು, ಕಾಫಿ.

ಕಾಫಿ ಹಂಚುತ್ತಿದ್ದವನು ಹೆರ್ಮಿನ್. ಬೋಟುಗಳಲ್ಲಿ ರೋಡೆಲ್‌ನ ಪಾಲುದಾರ. ಅದಕ್ಕಿಂತ ಹೆಚ್ಚಾಗಿ ಅವನ ಕುಂಪಾರೆ — ರೋಡೆಲ್‌ನ ಮಗಳು ಲೇನಿಗೆ ಜ್ಞಾನಸ್ನಾನದಲ್ಲಿ ಧರ್ಮತಂದೆಯಾಗಿ ನಿಂತವನು. ಹೆಂಡತಿ ತೀರಿಕೊಂಡ ಮೇಲೆ ರೋಡೆಲ್‌ಗೆ ಇದ್ದವರು ಅಕ್ಕ, ಮಗಳು, ಈ ಕುಂಪಾರೆ, ಮೂವರೇ.

"ಕೂತ್ಕೊಳಿ ಮ್ಯಾಡಮ್. ಈ ಮಗುಗೂ ಕಾಫಿ ಕೊಡ್ಲಾ?" ಎಂದ. ಮಗು ಎಂದರೆ ನಾನು.

ಕ್ಯಾಪ್ಟನ್ ಸಾಲ್ವಾಳ ಪಕ್ಕ ಕುಳಿತರು.

"ಮನಾಂಗ್, ಡಾಕ್ಟರ್ ಹೇಳಿದ ಮಾತನ್ನ ತಮ್ಮನಿಗೆ ಯಾವಾಗ ಹೇಳಿದ್ರಿ?"

ಮನಾಂಗ್ ಎಂದರೆ ಅಕ್ಕ. ಪೊಲೀಸರೂ ಹಿರಿಯಳನ್ನು ಹಾಗೆಯೇ ಕರೆಯಬೇಕು.

"ಮಾರನೇ ದಿನ," ಎಂದಳು ಸಾಲ್ವಾ. "ಬುಧವಾರ. ಬೆಳಿಗ್ಗೆ."

"ಏನಂದ?"

"ನಕ್ಕ. ಎಲ್ಮೆರ್ ಇನ್ನೂ ಹುಡುಗ ಅಂದ."

"ನಿಮ್ಮ ತಮ್ಮ ಅಷ್ಟು ಗಟ್ಟಿ ಮನುಷ್ಯನಾ?"

ಅಂಗಳದಿಂದ ಯಾರೋ ನಗೆಯಾಡಿದರು. "ಗಟ್ಟಿಯಾ? ಕಡಲಿಗೆ ಹೊರಟಾಗ ಬೆಕ್ಕು ಸೀನಿದ್ರೆ ಮನೆಗೆ ವಾಪಸ್ ಬರೋನು." ಪಕ್ಕದವರು ಅವನ ಮೊಣಕೈ ತಿವಿದರು. ನಗೆ ನಿಂತಿತು.

"ಹೆರ್ಮಿನ್," ಎಂದರು ಕ್ಯಾಪ್ಟನ್, "ನಿಮಗೆ ಗೊತ್ತಿತ್ತಾ, ಹೀಗೊಂದು ಬೆದರಿಕೆ ಇದೆ ಅಂತ?"

"ನನಗಾ?" ಹೆರ್ಮಿನ್ ತಟ್ಟೆ ಕೆಳಗಿಟ್ಟ. "ಗೊತ್ತಿದ್ರೆ ಅವನನ್ನ ಒಂಟಿಯಾಗಿ ಬಿಡ್ತಿದ್ನಾ ಮ್ಯಾಡಮ್? ನಿಮ್ಮ ಪೊಲೀಸಿನವರು ಹೇಳಿದ ಮೇಲೇ ತಿಳಿದಿದ್ದು. ನನಗೂ ಒಂದು ಮಾತು ಹೇಳಿದ್ರೆ..."

ಸಾಲ್ವಾ ತಲೆ ತಗ್ಗಿಸಿದಳು. ಮಡಿಲಲ್ಲಿದ್ದ ಕರವಸ್ತ್ರವನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ದುಃಖ ಇರಬೇಕು ಎಂದುಕೊಂಡೆ.

"ಕೊನೇ ಸಲ ಯಾವಾಗ ನೋಡಿದ್ರಿ ಅವನನ್ನ?"

"ಬುಧವಾರ ಸಂಜೆ. ಶೆಡ್ಡಿನ ಮುಂದೆ ಇಬ್ಬರೂ ಕಾಲು ಚಾಚಿ ಕೂತಿದ್ವಿ. ಅವನು ದಬ್ಬಳಗಳನ್ನ ಮಸೀತಿದ್ದ. ವಾರಕ್ಕೊಂದ್ಸಲ ಎಲ್ಲರದನ್ನೂ ಅವನೇ ಮಸೆಯೋದು, ಬೇರೆಯವರ ಕೈಗೆ ಸಾಣೆಕಲ್ಲು ಕೊಡಲ್ಲ. ಎಲ್ಮೆರ್ ಕೆಲಸಕ್ಕೆ ಬಂದಿರಲಿಲ್ಲ. ಸೋಮಾರಿ, ನಾಳೆ ಬಂದು ಮೊಂಡು ದಬ್ಬಳದಲ್ಲಿ ಐಸ್ ಪುಡಿ ಮಾಡ್ತಾನೆ ಅಂತ ಬೈಕೊಂಡು ಅವನದನ್ನೂ ಮಸೆದ. ಉಗುರಿಗೆ ಒತ್ತಿ ಮೊನೆ ನೋಡಿ ಮೊಳೆಗೆ ಹಾಕಿದ. ಯಾರಿಗೆ ಗೊತ್ತಿತ್ತು ಮ್ಯಾಡಮ್, ತನ್ನ ಕೈಯಾರೆ..." ಅವನ ದನಿ ಒಡೆಯಿತು. ಸುತ್ತ ಕುಳಿತ ಹೆಂಗಸರು ಕಣ್ಣೊರೆಸಿಕೊಂಡರು.

ಕ್ಯಾಪ್ಟನ್ ಕೂಡ ನಿಟ್ಟುಸಿರು ಬಿಟ್ಟರು. ಆದರೆ ಬಾಯಿಗೆ ಹೋಗುತ್ತಿದ್ದ ಬಿಸ್ಕತ್ತು ಅರ್ಧದಲ್ಲೇ ನಿಂತಿದ್ದನ್ನು ನಾನು ಕಂಡೆ.

"ಮಗುವಿನ ಗತಿ?" ಎಂದು ಕೇಳಿದರು, ಮಾತು ಬದಲಿಸುವವರ ಹಾಗೆ.

"ದೇವರು ದೊಡ್ಡವನು," ಎಂದಳು ಮೂಲೆಯಲ್ಲಿದ್ದ ಒಬ್ಬ ಮುದುಕಿ. "ದಿನಾ ಬೆಳಿಗ್ಗೆ ಅಪ್ಪನಿಗೆ ಕಾಫಿ ಒಯ್ಯೋಳು ಲೇನಿ. ನಿನ್ನೆ ಮಾತ್ರ ಹೆರ್ಮಿನ್ ಬೆಳಕಾಗ್ತಿದ್ದ ಹಾಗೇ ಬಂದು ಚರ್ಚಿಗೆ ಅಂತ ಊರೊಳಗೆ ಕರ್ಕೊಂಡು ಹೋದ. ಇಲ್ಲದಿದ್ರೆ ಆ ಕೂಸೇ ನೋಡಬೇಕಿತ್ತು."

"ಹೌದು, ಪುಣ್ಯ," ಎಂದರು ಕ್ಯಾಪ್ಟನ್. ಎದ್ದರು. "ಮನಾಂಗ್, ಒಂದು ಲೋಟ ನೀರು. ಅಡುಗೆಮನೆಗೇ ಬರ್ತೀನಿ."

ಅಡುಗೆಮನೆಯಲ್ಲಿ ದೊಡ್ಡ ಪಾತ್ರೆಯಲ್ಲಿ ಗಂಜಿ ಕುದಿಯುತ್ತಿತ್ತು. ನಾನು ಬಾಗಿಲ ಬಳಿ ನಿಂತೆ. ಕ್ಯಾಪ್ಟನ್ ನೀರು ಕುಡಿಯಲಿಲ್ಲ.

"ಮನಾಂಗ್, ನೀವು ತಮ್ಮನಿಗೆ ಹೇಳಲೇ ಇಲ್ಲ."

ಸಾಲ್ವಾಳ ಕೈಯಲ್ಲಿದ್ದ ಸೌಟು ನಿಂತಿತು. "ಹೇಳಿದೆ ಅಂದೆನಲ್ಲ."

"ಬೆಳಿಗ್ಗೆ ಅಕ್ಕ ಬಂದು, ಎಲ್ಮೆರ್ ದಬ್ಬಳ ತಗೊಂಡು ನಿನ್ನ ಕೊಲ್ಲೋಕೆ ಬರ್ತಾನೆ ಅಂತಾಳೆ. ಸಂಜೆ ತಮ್ಮ ಕೂತ್ಕೊಂಡು ಅದೇ ಎಲ್ಮೆರ್‌ನ ಅದೇ ದಬ್ಬಳ ಮಸೆದು, ಮೊನೆ ನೋಡಿ, ನಾಳೆ ಬಂದು ಬಳಸ್ಲಿ ಅಂತ ಮೊಳೆಗೆ ಹಾಕ್ತಾನೆ. ಬೆಕ್ಕು ಸೀನಿದ್ರೆ ವಾಪಸ್ ಬರೋ ಮನುಷ್ಯ. ನೀವು ನಂಬ್ತೀರಾ?"

ಸಾಲ್ವಾ ಸೌಟನ್ನು ಪಾತ್ರೆಗೆ ಒರಗಿಸಿಟ್ಟಳು.

"ನಮ್ಮವರು ಮೊನೆ ನೋಡಿದ್ರು, ಎಲ್ಮೆರ್ ಮಸೆದ ಅಂತ ಬರೆದ್ರು. ಮಸೆದಿದ್ದು ಸತ್ತವನೇ. ಅಂದ್ರೆ ಸಾಯೋ ಹಿಂದಿನ ಸಂಜೆವರೆಗೂ ಅವನಿಗೆ ಏನೂ ಗೊತ್ತಿರಲಿಲ್ಲ. ಯಾಕೆ ಹೇಳಲಿಲ್ಲ ಮನಾಂಗ್?"

ಗಂಜಿ ಉಕ್ಕಿ ಒಲೆಗೆ ಸುರಿಯಿತು. ಸಾಲ್ವಾ ಅದನ್ನು ನೋಡುತ್ತ ನಿಂತಳೇ ಹೊರತು ಇಳಿಸಲಿಲ್ಲ. ನಾನು ಹೋಗಿ ಒಲೆ ಆರಿಸಿದೆ.

"ನಮ್ಮಮ್ಮ ಒಂದು ದಿನ ಅಪ್ಪನಿಗೆ ಅಂದಿದ್ಲು," ಎಂದಳು ಕೊನೆಗೆ. "ಇವತ್ತು ಕಡಲಿಗೆ ಹೋದ್ರೆ ನೀನು ಬರಲ್ಲ ಅಂತ. ಅಪ್ಪ ಬರಲಿಲ್ಲ. ಸಾಯೋವರೆಗೂ ಅಮ್ಮ ತನ್ನ ನಾಲಿಗೆಯನ್ನೇ ಶಪಿಸ್ತಿದ್ಲು. ಒಡಹುಟ್ಟಿದವರ ಬಾಯಲ್ಲಿ ಸಾವಿನ ಮಾತು ಬರಬಾರದು ಮ್ಯಾಡಮ್. ಬಂದ್ರೆ ಅದು ಅಂಟ್ಕೊಳತ್ತೆ. ನಾನು ಸಾಕಿದ ಹುಡುಗ. ನನ್ನ ಬಾಯಿಂದ ಹೇಗೆ ಅನ್ಲಿ?"

"ಬೇರೆಯವರ ಬಾಯಿಂದ ಹೇಳಿಸಿದ್ರಿ."

"ಹೇಳಿಸಬೇಕಂತಿದ್ದೆ."

"ದಬ್ಬಳ ಅಂತ ಡಾಕ್ಟರ್ ನಿಮಗೆ ಹೇಳಿರಲಿಲ್ಲ. ಎಲ್ಮೆರ್ ಡಾಕ್ಟರಿಗೂ ಹೇಳಿರಲಿಲ್ಲ. ಅವನ ತಲೇಲಿ ಬೇರೆ ಏನೋ ಇತ್ತು. ಎಲ್ಲಿಂದ ಬಂತು ಅದು?"

"ರಾತ್ರಿಯೆಲ್ಲ ನನ್ನ ಕಣ್ಣ ಮುಂದೆ ಅದೇ ಬರ್ತಿತ್ತು. ಆ ಹುಡುಗನ ಕೈ, ಆ ಹಸಿರು ಹಗ್ಗ. ದಬ್ಬಳದಲ್ಲಿ ಚುಚ್ತಾನಂತೆ ಅಂತ ನಾನೇ ಸೇರಿಸಿ ಹೇಳಿಬಿಟ್ಟೆ. ತಮ್ಮನಿಗೆ ಬೇಗ ಮುಟ್ಟಿಸ್ಲಿ ಅಂತ."

"ಯಾರಿಗೆ ಹೇಳಿದ್ರಿ?"

"ಬುಧವಾರ ಬೆಳಿಗ್ಗೆ ಮೀನಿನ ಸಂತೇಲಿ ಸಿಕ್ಕಿದ್ದ," ಎಂದಳು ಸಾಲ್ವಾ. ಮುಂದಿನ ಕೋಣೆಯತ್ತ ನೋಡಿದಳು. ಅಲ್ಲಿ ಹೆರ್ಮಿನ್ ಹೊಸದಾಗಿ ಬಂದವರಿಗೆ ಕುರ್ಚಿ ಎಳೆಯುತ್ತಿದ್ದ.

"ಅವನಿಗೆ ಹೇಳಿದೆ ಅಂತ ಪೊಲೀಸರಿಗೆ ಯಾಕೆ ಹೇಳಲಿಲ್ಲ?"

"ಏನಂತ ಹೇಳ್ಲಿ? ಸ್ವಂತ ಅಕ್ಕ ಆಗಿ ತಮ್ಮನಿಗೆ ಒಂದು ಮಾತು ಹೇಳೋಕೆ ಹೆದರಿದೆ ಅಂತಲಾ? ಹೆರ್ಮಿನ್ ಹೇಳಿರ್ತಾನೆ, ತಮ್ಮ ನಕ್ಕಿರ್ತಾನೆ ಅಂದ್ಕೊಂಡೆ. ಅದನ್ನೇ ನಾನು ಹೇಳಿದ ಹಾಗೆ ಹೇಳಿದೆ. ಈಗ ಹೆರ್ಮಿನ್ ನಿಮ್ಮ ಮುಂದೆ ಗೊತ್ತಿರಲಿಲ್ಲ ಅಂದಾಗ..." ಅವಳು ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡಳು. "ನನ್ನ ಮಾನ ಕಾಯೋಕೆ ಸುಳ್ಳು ಹೇಳ್ತಿದಾನೆ ಅಂದ್ಕೊಂಡೆ ಮ್ಯಾಡಮ್."

"ಇನ್ನೊಂದು ಕೇಳ್ತೀನಿ. ರೋಡೆಲ್ ಇತ್ತೀಚೆಗೆ ಏನಾದ್ರೂ ಮಾಡೋನಿದ್ನಾ? ಎಲ್ಲಿಗಾದ್ರೂ ಹೋಗೋನಿದ್ನಾ?"

"ಈ ಭಾನುವಾರ. ಜೋಮರ್ ಹೋಗಿ ವರ್ಷ ತುಂಬತ್ತೆ. ಅವರಮ್ಮ ಶೋಕದ ಕಪ್ಪು ಬಟ್ಟೆ ಬಿಡೋ ದಿನ. ಅವರ ಮನೆಗೆ ಹೋಗ್ತೀನಿ, ಎಲ್ಮೆರ್ ಎದುರಿಗೇ ಒಂದು ವಿಷಯ ಹೇಳಬೇಕು ಅಂತಿದ್ದ. ಏನು ಅಂತ ನನಗೂ ಹೇಳಲಿಲ್ಲ."

ಕ್ಯಾಪ್ಟನ್ ನನ್ನತ್ತ ನೋಡಿದರು. ಆ ನೋಟದಲ್ಲಿ ಗೆಲುವೇನೂ ಇರಲಿಲ್ಲ.

ಮುಂದಿನ ಕೋಣೆಗೆ ಬಂದಾಗ ಪ್ರಾರ್ಥನೆ ಮುಗಿದಿತ್ತು. ಕೋಳಿಮರಿ ಒಂದೇ ಸಮನೆ ಕುಕ್ಕುತ್ತಿತ್ತು.

"ಹೆರ್ಮಿನ್," ಎಂದರು ಕ್ಯಾಪ್ಟನ್, ದನಿ ಏರಿಸದೆ. "ಬುಧವಾರ ಬೆಳಿಗ್ಗೆ ಮೀನಿನ ಸಂತೇಲಿ ಮನಾಂಗ್ ಸಾಲ್ವಾ ನಿಮಗೆ ಏನು ಹೇಳಿದ್ರು?"

ಅವನು ಸಾಲ್ವಾಳ ಮುಖ ನೋಡಿದ. ಅವಳು ದೃಷ್ಟಿ ತಪ್ಪಿಸಲಿಲ್ಲ.

"ಮಸೆದ ದಬ್ಬಳದ ಕಥೆ ನೀವೇ ಹೇಳಿದ್ರಿ. ಅಲ್ಲಿ ಅಳು ಬಂತು ನಿಮಗೆ, ಸುಳ್ಳಲ್ಲ. ಆದ್ರೆ ಆ ಕಥೆ ಹೇಳೋದೇನು ಅಂತ ನೀವು ಯೋಚಿಸಲಿಲ್ಲ. ಎಚ್ಚರಿಕೆ ನಿಮ್ಮವರೆಗೆ ಬಂತು. ಅಲ್ಲಿಂದ ಮುಂದೆ ಹೋಗಲಿಲ್ಲ. ಎಲ್ಮೆರ್ ಬಯಸಿದ ಸಾವು ಬೇರೆ, ಅದು ಅವನಿಗೂ ಡಾಕ್ಟರಿಗೂ ಮಾತ್ರ ಗೊತ್ತಿತ್ತು. ಈ ದಬ್ಬಳದ ಸಾವು ಒಂದು ಹೆಂಗಸಿನ ಹೆದರಿಕೇಲಿ ಹುಟ್ಟಿದ್ದು. ಅದನ್ನ ಕೇಳಿಸಿಕೊಂಡವರು ನೀವೊಬ್ಬರೇ. ಕೇಳಿದ ಹಾಗೇ ಮಾಡಿದ್ರಿ."

"ನಾನು — ಚರ್ಚಿಗೆ —"

"ಹೌದು. ಮಗುವನ್ನ ಕರ್ಕೊಂಡು ಹೋದ್ರಿ. ಅವತ್ತೊಂದು ದಿನ ಕಾಫಿ ಒಯ್ಯಬಾರದು ಅಂತ. ಶೆಡ್ಡಿನಲ್ಲಿ ಏನಿದೆ ಅಂತ ಅಷ್ಟು ಬೆಳಿಗ್ಗೆ ನಿಮಗೆ ಹೇಗೆ ಗೊತ್ತಾಯ್ತು?"

ಅಂಗಳದಲ್ಲಿ ಇಸ್ಪೀಟಿನ ಸದ್ದು ನಿಂತಿತ್ತು.

"ಕಳೆದ ವರ್ಷ ಬಾವುಟ ಏರಿದ ಮೇಲೂ ಬೋಟು ಬಿಡು ಅಂದವರು ಯಾರು ಹೆರ್ಮಿನ್?"

ಹೆರ್ಮಿನ್ ಪೆಟ್ಟಿಗೆಯ ಹತ್ತಿರ ಹೋದ. ಗಾಜಿನ ಮೇಲೆ ಅಂಗೈ ಇಟ್ಟ. ಮರಿ ಪಕ್ಕಕ್ಕೆ ಜಿಗಿಯಿತು.

"ಒಂದು ವರ್ಷ ನನ್ನ ತಪ್ಪನ್ನ ಇವನೇ ಹೊತ್ಕೊಂಡಿದ್ದ," ಎಂದ. "ಕೇಳಿದವರಿಗೆಲ್ಲ ನಾನೇ ಬಿಡಿಸಿದೆ ಅಂದ. ಕುಂಪಾರೆಗೋಸ್ಕರ. ಭಾನುವಾರ ಇಳಿಸಿಬಿಡ್ತೀನಿ, ಇನ್ನು ಆಗಲ್ಲ ಅಂದ. ನಾನು ಬೇಡಿಕೊಂಡೆ. ಕಾಲು ಹಿಡಿದೆ. ಆ ತಾಯಿಯ ಮುಖ ನೋಡೋಕಾಗ್ತಿಲ್ಲ ಅಂದ."

ಹೆರ್ಮಿನ್‌ನನ್ನು ಜೀಪಿಗೆ ಹತ್ತಿಸುವಾಗ ಸಾಲ್ವಾ ಅಳಲಿಲ್ಲ. ತಮ್ಮನ ಮುಖದ ನೇರಕ್ಕೆ ಬಾಗಿ ಏನೋ ಹೇಳುತ್ತಿದ್ದಳು. ಮಂಗಳವಾರವೇ ಹೇಳಬೇಕಿದ್ದ ಮಾತೇ ಇರಬೇಕು. ನಾನು ಹತ್ತಿರ ಹೋಗಲಿಲ್ಲ.

ಎಲ್ಮೆರ್ ಆ ಸಂಜೆಯೇ ಹೊರಬಂದ. ಬೋಟಿನ ಸತ್ಯವನ್ನು ಕ್ಯಾಪ್ಟನ್ ಅವನಿಗೆ ಠಾಣೆಯಲ್ಲೇ ಹೇಳಿದರಂತೆ. ಅವನು ಕೇಳಿಸಿಕೊಂಡು, ಹಾಗಾದ್ರೆ ಒಂದು ವರ್ಷ ನಾನು ಮನಸ್ಸಲ್ಲಿ ಬೇರೆಯವನನ್ನ ಕೊಲ್ತಿದ್ದೆನಾ ಎಂದನಂತೆ.

ಸೋಮವಾರ ಕ್ಯಾಪ್ಟನ್ ಕ್ಲಿನಿಕ್ಕಿಗೆ ಬಂದರು.

"ನೀವು ಹೇಳದೇ ಇದ್ದಿದ್ರೆ ರೋಡೆಲ್ ಬದುಕಿರ್ತಿದ್ನೋ ಏನೋ ಡಾಕ್ಟ್ರೇ. ಆ ಹೆರ್ಮಿನ್‌ಗೆ ದಾರಿ ಸಿಗ್ತಿರಲಿಲ್ಲ."

"ನಾನೂ ಅದನ್ನೇ ಯೋಚಿಸ್ತಿದೀನಿ. ಹೇಳಿದ್ದು ತಪ್ಪಲ್ಲ. ಸಾಲ್ವಾ ಜಗುಲಿ ಮೇಲೆ ಹೇಳಿ ಮುಗಿಸಿ, ಸದ್ಯ ಭಾರ ಇಳೀತು ಅಂತ ಉಸಿರು ಬಿಟ್ಟೆನಲ್ಲ, ಅದು ತಪ್ಪು. ಶೆಡ್ಡು ಅಲ್ಲಿಂದಲೇ ಕಾಣ್ತಿತ್ತು ಕ್ಯಾಪ್ಟನ್. ದೀಪ ಉರೀತಿತ್ತು. ನಡೆದು ಹೋಗಬಹುದಿತ್ತು."

ಕ್ಯಾಪ್ಟನ್ ಎದ್ದರು. ಹೋಗುವಾಗ ಶೇಂಗಾದ ಪೊಟ್ಟಣವನ್ನು ನನ್ನ ಮೇಜಿನ ಮೇಲಿಟ್ಟು ಹೋದರು.

ಮಂಗಳವಾರ ಎಲ್ಮೆರ್‌ನ ಸರದಿ. ಅವನು ಬರುವುದಿಲ್ಲ ಎಂದೇ ನಾನು ತಿಳಿದಿದ್ದೆ. ಬೇರೆ ಇಬ್ಬರು ಆಗಲೇ ಬರುವುದು ನಿಲ್ಲಿಸಿದ್ದರು. ಡಾಕ್ಟರಮ್ಮ ಒಳಗಿನದನ್ನ ಹೊರಗೆ ಹೇಳ್ತಾರಂತೆ ಎಂದು ಧಕ್ಕೆಯಿಂದ ಕ್ಲಿನಿಕ್ಕಿನವರೆಗೂ ಸುದ್ದಿ. ಡಾಕ್ಟರ್ ಮಾತ್ರ ಆ ಹೊತ್ತಿಗೆ ಬೇರೆ ಯಾರನ್ನೂ ಕರೆಯಬೇಡ ಎಂದಿದ್ದರು.

ಅವನು ಬಂದ. ನನ್ನ ಮೇಜಿನ ಮುಂದೆ ನಿಲ್ಲದೆ ಒಳಕೋಣೆಯ ಹೊಸ್ತಿಲವರೆಗೆ ಹೋದ. ಕೂರಲಿಲ್ಲ.

"ಒಂದು ಮಾತು ಕೇಳೋಕೆ ಬಂದೆ. ನಾಳೆ ಇನ್ನೊಬ್ಬನ ಮೇಲೆ ಸಿಟ್ಟು ಬರತ್ತೆ ನನಗೆ. ಹೆರ್ಮಿನ್ ಇದಾನೆ, ಜೈಲಲ್ಲಿ. ಅವನ ಬಗ್ಗೆ ಏನಾದ್ರೂ ಅಂದ್ರೆ ಮತ್ತೆ ಹೋಗಿ ಹೇಳ್ತೀರಾ?"

"ಬರೀ ಸಿಟ್ಟಾದ್ರೆ ಹೇಳಲ್ಲ. ಅದು ನಿನ್ನದು, ಇಲ್ಲೇ ಇರತ್ತೆ," ಎಂದರು ಡಾಕ್ಟರ್. "ಒಬ್ಬನ ಜೀವ ಹೋಗತ್ತೆ ಅನ್ನಿಸಿದ್ರೆ ಹೇಳ್ತೀನಿ. ಮೊದಲು ನಿನಗೆ. ಆಮೇಲೆ ಅವನಿಗೇ. ಅವನ ಎದುರಿಗೆ ನಿಂತು."

"ಸುಳ್ಳಾದ್ರೂ ಹೇಳಬಹುದಿತ್ತು ನೀವು. ಹೇಳಲ್ಲ ಅಂತ."

"ಹೇಳಬಹುದಿತ್ತು."

ಎಲ್ಮೆರ್ ಸ್ವಲ್ಪ ಹೊತ್ತು ಅವರನ್ನೇ ನೋಡಿದ. ನಂತರ ಕುರ್ಚಿ ಎಳೆದುಕೊಂಡು ಕುಳಿತ. ಕುಳಿತವನು ನನ್ನತ್ತ ತಿರುಗಿದ.

"ಬಾಗಿಲು ಹಾಕು ಇಂದಾಯ್," ಎಂದ.

ನಾನು ಎದ್ದು ಬಾಗಿಲು ಹಾಕಿದೆ.